ಮೂರನೇ ವರ್ಷ ನೋಡ್ತಿರು

ನಮ್ಮ ಪಕ್ಕದ ಮನೆಯವರ ನಿಜವಾದ ಹೆಸರು ಬೇರೆ. ಕೆಂಪಣ್ಣ ಎಂದು ಹೆಸರಿಟ್ಟವಳು ನನ್ನ ಹೆಂಡತಿ. 2014ರ ಬೇಸಿಗೆಯಲ್ಲಿ ನಾವು ಅಮೆರಿಕದ ನೆಬ್ರಾಸ್ಕ ರಾಜ್ಯದ ಲಿಂಕನ್ ಊರಿಗೆ ಬಂದು ಸಾಮಾನು ಇಳಿಸುತ್ತಿದ್ದೆವು. ಕೆಂಪು ಟೋಪಿ, ಕೆಂಪು ಅಂಗಿ, ಕೆಂಪು ಕಾಲುಚೀಲ ಹಾಕಿಕೊಂಡಿದ್ದ ಅರವತ್ತರ ಹತ್ತಿರದ ಮನುಷ್ಯರೊಬ್ಬರು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಬಂದು, ನಮ್ಮ ಸೋಫಾದ ಒಂದು ತುದಿಗೆ ಕೈ ಕೊಟ್ಟರು. ಎಲ್ಲಿಂದ ಬಂದಿರಿ, ಏನು ಕೆಲಸ ಎಂದು ಯಾವುದನ್ನೂ ಕೇಳಲಿಲ್ಲ. ಹೊಸ್ತಿಲ ಹತ್ತಿರ ಬಂದಾಗ ಕೇಳಿದ್ದು ಒಂದೇ: "ನಮ್ಮ ಕೋಚ್ ಬಗ್ಗೆ ನಿನಗೇನನ್ನಿಸುತ್ತೆ?"

ಯಾವ ಕೋಚು, ಯಾವ ಆಟ, ನನಗೆ ಒಂದೂ ತಿಳಿಯದು. ಸಂಕೋಚಕ್ಕೆ, "ಒಳ್ಳೆಯವರು ಅನ್ನಿಸುತ್ತೆ" ಎಂದುಬಿಟ್ಟೆ. ಕೆಂಪಣ್ಣನವರು ಸೋಫಾ ಕೆಳಗಿಟ್ಟರು. ಮುಂದಿನ ಮುಕ್ಕಾಲು ಗಂಟೆ ಅದು ಹೊಸ್ತಿಲ ಮೇಲೆಯೇ ಇತ್ತು.

ಇಲ್ಲಿ ಫುಟ್‌ಬಾಲ್ ಎಂದರೆ ಮೊಟ್ಟೆಯಾಕಾರದ ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಓಡುವವನ ಮೇಲೆ ಎದುರಾಳಿಗಳೆಲ್ಲ ಬಂದು ಬೀಳುವ ಆಟ. ಆಡುವವರು ನೆಬ್ರಾಸ್ಕ ವಿಶ್ವವಿದ್ಯಾಲಯದ ಹುಡುಗರು. ತಂಡದ ಹೆಸರು ಕಾರ್ನ್‌ಹಸ್ಕರ್ಸ್, ಅಂದರೆ ಮುಸುಕಿನ ಜೋಳದ ಸಿಪ್ಪೆ ಸುಲಿಯುವವರು. ಇಡೀ ರಾಜ್ಯದ ಜನಸಂಖ್ಯೆ ಹತ್ತಿರಹತ್ತಿರ 20 ಲಕ್ಷ. ದೊಡ್ಡ ಲೀಗುಗಳ ಒಂದು ವೃತ್ತಿಪರ ತಂಡವೂ ಈ ರಾಜ್ಯಕ್ಕಿಲ್ಲ. ಹಾಗಾಗಿ ಸುಗ್ಗಿ, ಜಾತ್ರೆ, ತೇರು ಎಲ್ಲವೂ ಈ ಕಾಲೇಜು ಹುಡುಗರ ಆಟದಲ್ಲೇ ಮುಗಿಯಬೇಕು. ಮೆಮೋರಿಯಲ್ ಸ್ಟೇಡಿಯಂನಲ್ಲಿ 85,000 ಜನ ಕೂರುತ್ತಾರೆ. ಪಂದ್ಯದ ದಿನ ಅದು ಒಮಾಹ, ಲಿಂಕನ್ ಬಿಟ್ಟರೆ ರಾಜ್ಯದ ಮೂರನೇ ದೊಡ್ಡ ಊರು. 1962ರ ನವೆಂಬರಿನಿಂದ ಈಚೆಗೆ ಅಲ್ಲಿ ಟಿಕೆಟ್ ಮಾರಾಟವಾಗದೆ ಉಳಿದ ಪಂದ್ಯ ಒಂದೂ ಇಲ್ಲ ಎಂಬುದು ಊರಿನ ಲೆಕ್ಕ. ಆ ಎಣಿಕೆ 400 ದಾಟಿದೆ. ರಾಜ್ಯದ ಸರ್ಕಾರಿ ನೌಕರರ ಪೈಕಿ ಎಲ್ಲರಿಗಿಂತ ಹೆಚ್ಚು ಸಂಬಳ ರಾಜ್ಯಪಾಲರದ್ದಲ್ಲ, ಕೋಚ್‌ನದು. ಇದರಲ್ಲಿ ಕೆಂಪಣ್ಣನವರಿಗೆ ಅನ್ಯಾಯವೇನೂ ಕಂಡಿಲ್ಲ. "ರಾಜ್ಯಪಾಲ ಶನಿವಾರ ಏನು ಮಾಡ್ತಾನೆ?" ಎಂದು ಕೇಳುತ್ತಾರೆ.

ಕೆಂಪಣ್ಣನವರಂಥ ಅಭಿಮಾನಿಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ಟಾಮ್ ಓಸ್ಬೋರ್ನ್ ಅವರ ವಿಷಯ ಗೊತ್ತಿರಬೇಕು. 1973ರಿಂದ 1997ರವರೆಗೆ 25 ವರ್ಷ ಕೋಚ್ ಆಗಿದ್ದವರು. 255 ಗೆಲುವು, 49 ಸೋಲು, 3 ಸಮ. ಯಾವ ವರ್ಷವೂ ಒಂಬತ್ತಕ್ಕಿಂತ ಕಡಿಮೆ ಗೆಲ್ಲಲಿಲ್ಲ. 1994, 1995, 1997ರಲ್ಲಿ ರಾಷ್ಟ್ರೀಯ ಪಟ್ಟ. ಕೆಂಪಣ್ಣನವರ ಮನೆಯ ಗೋಡೆಯ ಮೇಲೆ ಅವರ ಫೋಟೊ ಇದೆ. ನಮ್ಮಲ್ಲಾಗಿದ್ದರೆ ಅದಕ್ಕೊಂದು ಗಂಧದ ಹಾರ ಬೀಳುತ್ತಿತ್ತು. ಆದರೆ ಪುಣ್ಯಾತ್ಮರು ಇನ್ನೂ ಬದುಕಿದ್ದಾರೆ, ಆಗಾಗ ಪಂದ್ಯಕ್ಕೂ ಬರುತ್ತಾರೆ. ಹೊಸ ಕೋಚ್‌ಗೆ ಇದಕ್ಕಿಂತ ದೊಡ್ಡ ಕಷ್ಟ ಬೇಡ. ಅತ್ತೆ ಮನೆಯಲ್ಲೇ ಇರುವಾಗ ಸೊಸೆ ಮಾಡಿದ ಸಾರಿಗೆ ಉಪ್ಪು ಸರಿಹೋಗುವುದುಂಟೇ?

ಇದೇ ಓಸ್ಬೋರ್ನ್ ಮೊದಲ ಪಟ್ಟ ಗೆಲ್ಲುವುದಕ್ಕೆ 22 ವರ್ಷ ತೆಗೆದುಕೊಂಡರು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ಹೇಳಿದೆ. ಆ ಕಾಲದಲ್ಲಿ ತಾವು ಏನನ್ನುತ್ತಿದ್ದಿರಿ ಎಂದೂ ಕೇಳಿದೆ. ಕೆಂಪಣ್ಣನವರು ಕೊಟ್ಟಿಗೆಯಲ್ಲಿ, ಅಂದರೆ ಗ್ಯಾರೇಜಿನಲ್ಲಿ, ಏನೋ ಹುಡುಕುವುದಿದೆ ಎಂದು ಎದ್ದು ಹೋದರು. ಅವರ ಹೆಂಡತಿ ನನ್ನ ಕಿವಿಯಲ್ಲಿ, "ವಾರಕ್ಕೊಮ್ಮೆ ಕೆಲಸದಿಂದ ತೆಗೀತಿದ್ದರು" ಎಂದರು.

ನಾವು ಬಂದ ವರ್ಷ ಕೋಚ್ ಆಗಿದ್ದವರು ಬೋ ಪೆಲೀನಿ. ಸಿಡುಕು ಸ್ವಭಾವ. ಏಳು ವರ್ಷ ಇದ್ದರು, ಪ್ರತಿ ವರ್ಷ ಒಂಬತ್ತೋ ಹತ್ತೋ ಗೆದ್ದರು. ಆ ವರ್ಷದ ವಸಂತದ ಪ್ರದರ್ಶನ ಪಂದ್ಯಕ್ಕೆ ಬೆಕ್ಕೊಂದನ್ನು ತಲೆಯ ಮೇಲಕ್ಕೆತ್ತಿ ಹಿಡಿದುಕೊಂಡು ಮೈದಾನಕ್ಕೆ ಬಂದಿದ್ದರಂತೆ. ಅವರ ಹೆಸರಿನಲ್ಲಿ ಯಾರೋ ನಡೆಸುತ್ತಿದ್ದ ಬೆಕ್ಕಿನ ತಮಾಷೆಗೆ ಅದು ಅವರ ಉತ್ತರ. ಊರಿಗೆ ಊರೇ ನಕ್ಕಿತ್ತು. ನವೆಂಬರ್ ಕೊನೆಗೆ ಒಂಬತ್ತು ಪಂದ್ಯ ಗೆದ್ದಿದ್ದ ಆ ಮನುಷ್ಯನನ್ನು ತೆಗೆದುಹಾಕಿದರು. "ಒಂಬತ್ತು ಗೆಲುವು ಸಾಲದೇ?" ಎಂದೆ. "ಒಂಬತ್ತು ಯಾರು ಬೇಕಾದರೂ ಗೆಲ್ತಾರೆ" ಎಂದರು ಕೆಂಪಣ್ಣನವರು. ಇದಕ್ಕೂ ಮುಂಚೆ, 2003ರಲ್ಲಿ, ಫ್ರಾಂಕ್ ಸೋಲಿಚ್ ಅವರನ್ನು ಕಳಿಸಿದಾಗಲೂ ಆ ವರ್ಷದ ಲೆಕ್ಕದಲ್ಲಿ ಒಂಬತ್ತೇ ಗೆಲುವಿದ್ದವು. ಒಂಬತ್ತು ಎಂಬ ಸಂಖ್ಯೆಯನ್ನು ಕೆಂಪಣ್ಣನವರು ಆಗ ಹೇಳುತ್ತಿದ್ದ ಧಾಟಿ ಬೇರೆ. ಈಗ ಹೇಳುವ ಧಾಟಿಯೇ ಬೇರೆ, ಅದರಲ್ಲಿ ತಪ್ಪಿಹೋದ ಒಳ್ಳೆಯ ಸಂಬಂಧದ ನೆನಪಿದೆ.

ಹೊಸ ಕೋಚ್ ಬಂದು ಪತ್ರಕರ್ತರ ಮುಂದೆ ಕೂರುವ ದಿನ ಕೆಂಪಣ್ಣನವರ ಮನೆಗೆ ವರಪರೀಕ್ಷೆಯ ಕಳೆ ಬರುತ್ತದೆ. ನೆಂಟರಿಷ್ಟರು ಟಿವಿಯ ಮುಂದೆ ಸೇರುತ್ತಾರೆ. ತಿನ್ನಲು ಈ ಸೀಮೆಯ ವಿಶೇಷ, ಖಾರದ ಕಾಳು-ಮಾಂಸದ ಚಿಲ್ಲಿಯ ಜೊತೆಗೆ ದಾಲ್ಚಿನ್ನಿ ಸಕ್ಕರೆಯ ಸಿಹಿ ರೋಲ್. ಹುಳಿಗೆ ಹೋಳಿಗೆ ನಂಜಿಕೊಂಡ ಹಾಗೆ. ನನಗೆ ಬರೀ ರೋಲು. ಬಂದವನ ಟೈ ಕೆಂಪಗಿದೆಯೇ, ಅದೂ ನಮ್ಮ ಕೆಂಪೇ? ಓಸ್ಬೋರ್ನ್ ಹೆಸರನ್ನು ಎಷ್ಟನೇ ನಿಮಿಷಕ್ಕೆ ಎತ್ತಿದ? ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದಾನೆಯೇ, ಅಥವಾ ಎರಡು ವರ್ಷಕ್ಕೆ ಗಂಟುಮೂಟೆ ಕಟ್ಟುವ ಆಸಾಮಿಯೋ? ಮಾತು ಕಡಿಮೆಯಾದರೆ "ತೂಕದ ಮನುಷ್ಯ", ಹೆಚ್ಚಾದರೆ "ಎಷ್ಟು ಹುರುಪು ನೋಡು". ಇದೇ ಮೌನ, ಇದೇ ಮಾತು ಅಕ್ಟೋಬರ್ ಹೊತ್ತಿಗೆ "ಬಾಯಲ್ಲೇನು ಕಡುಬಿದೆಯಾ" ಮತ್ತು "ಬರೀ ಬಾಯಿ" ಆಗುತ್ತವೆ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬ ನಮ್ಮ ಗಾದೆಯನ್ನು ಒಮ್ಮೆ ಅವರಿಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಗಂಭೀರವಾಗಿ ಕೇಳಿಸಿಕೊಂಡು, "ಆ ಅಗಸನ ಹಿಂದಿನ ದಾಖಲೆ ಏನು?" ಎಂದರು.

ಪೆಲೀನಿಯ ನಂತರ ಬಂದ ಮೈಕ್ ರೈಲಿ ಬಹಳ ಸಜ್ಜನ. ಇದನ್ನು ಎಲ್ಲರೂ ಒಪ್ಪುತ್ತಾರೆ, ಅವರ ಬಗ್ಗೆ ಮತ್ತೇನೂ ಹೇಳುವುದಿಲ್ಲ. ಮೂರು ವರ್ಷದಲ್ಲಿ 19 ಗೆಲುವು, 19 ಸೋಲು. ತಕ್ಕಡಿ ಹಿಡಿದು ತೂಗಿದರೂ ಇಷ್ಟು ಸಮ ಬರಲಾರದು.

ಆಮೇಲೆ ಬಂದದ್ದು ಮನೆಮಗ. ಸ್ಕಾಟ್ ಫ್ರಾಸ್ಟ್ ನೆಬ್ರಾಸ್ಕದಲ್ಲೇ ಬೆಳೆದ ಹುಡುಗ. 1997ರ ಪಟ್ಟ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವವ. 2017ರಲ್ಲಿ ಫ್ಲಾರಿಡದ ತಂಡವೊಂದರ ಕೋಚ್ ಆಗಿ ಒಂದೂ ಪಂದ್ಯ ಸೋಲದೆ ಬಂದಿದ್ದ. ಕೆಂಪಣ್ಣನವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಇನ್ನು ನಾನು ಹುಡುಕಬೇಕಾಗಿಲ್ಲ" ಎಂದರು, ಕೊನೆಯ ಮಗಳ ಮದುವೆ ಮುಗಿಸಿದವರ ಹಾಗೆ.

2018ರ ಸೆಪ್ಟೆಂಬರ್ 1, ಆತನ ಮೊದಲ ಪಂದ್ಯ. ಕೆಂಪಣ್ಣನವರು ನನ್ನನ್ನೂ ಕರೆದುಕೊಂಡು ಹೋದರು. ಕೆಂಪು ಹಾಕದೆ ಬರುವ ಹಾಗಿಲ್ಲ ಎಂದರು. ನನ್ನ ಹತ್ತಿರ ಇದ್ದ ಕೆಂಪು ಅಂಗಿ ಒಂದೇ, ನಮ್ಮ ಆರ್‌ಸಿಬಿಯದು. ಇದು ಯಾವ ತಂಡ ಎಂದು ಕೇಳಿದರು. ಹನ್ನೊಂದು ವರ್ಷದಿಂದ ಪ್ರತಿ ಸಲವೂ ಈ ಸಲ ಕಪ್ ನಮ್ದೇ ಎಂದುಕೊಂಡು ಸೋಲುವ ತಂಡ ಎಂದೆ. "ಕೋಚ್ ಬದಲಾಯಿಸಿ ನೋಡಿದರಾ?" "ನೋಡಿದರು." ಕೆಂಪಣ್ಣನವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಅಂದಿನಿಂದ ನಾನು ಅವರ ಪಾಲಿಗೆ ಬರೀ ಪಕ್ಕದ ಮನೆಯವನಲ್ಲ.

ಸ್ಟೇಡಿಯಂ ತುಂಬಿ ತುಳುಕುತ್ತಿತ್ತು. ಎದುರಾಳಿ ಆಕ್ರನ್. ನಮ್ಮವರು ಒಂದೇ ಒಂದು ಸಲ ಚೆಂಡು ಒದ್ದರು. ಅಷ್ಟರಲ್ಲಿ ಆಕಾಶ ಕಪ್ಪಾಗಿ ಸಿಡಿಲು ಬಡಿಯಲು ಶುರುವಾಯಿತು, ಆಟ ನಿಂತಿತು. ರಾತ್ರಿಯವರೆಗೂ ಕಾದೆವು. ಕೊನೆಗೆ ಪಂದ್ಯ ರದ್ದು ಎಂದರು. ತೊಟ್ಟಿಕ್ಕುವ ಟೋಪಿ ಹಿಂಡುತ್ತ ಕೆಂಪಣ್ಣನವರು, "ಸೋತಿಲ್ಲ ತಾನೇ?" ಎಂದರು. ಅದರ ಮುಂದಿನ ಆರು ಪಂದ್ಯಗಳನ್ನೂ ಮನೆಮಗ ಸಾಲಾಗಿ ಸೋತ. ಮದುವೆ ಮಂಟಪದಲ್ಲಿ ದೀಪ ಆರಿದರೆ ನಮ್ಮಜ್ಜಿ ಏನನ್ನುತ್ತಿದ್ದಳೋ ಅದನ್ನು ನಾನು ಕೆಂಪಣ್ಣನವರಿಗೆ ಹೇಳಲಿಲ್ಲ.

ಪರರ ಮಗನಾದರೆ ಎರಡು ವರ್ಷಕ್ಕೆ ಬಾಗಿಲು ತೋರಿಸುತ್ತಿದ್ದರು. ಮನೆಮಗನಿಗೆ ಕಾರಣಗಳನ್ನು ಹುಡುಕಿಕೊಡುವುದೇ ಕೆಂಪಣ್ಣನವರ ಕೆಲಸವಾಯಿತು. 2021ರಲ್ಲಿ ಒಂಬತ್ತು ಸೋಲು, ಒಂಬತ್ತಕ್ಕೊಂಬತ್ತೂ ಒಂಬತ್ತು ಅಂಕದೊಳಗಿನ ಅಂತರದವು. ಹನ್ನೆರಡು ಪಂದ್ಯಗಳ ಅಂಕ ಕೂಡಿ ಕಳೆದರೆ ನಮ್ಮವರದೇ ಹೆಚ್ಚು, ಗೆದ್ದದ್ದು ಮಾತ್ರ ಮೂರು. ಆ ಕೂಡುವ ಕಳೆಯುವ ಲೆಕ್ಕವನ್ನು ರೇಡಿಯೊದ ಫೋನ್ ಕಾರ್ಯಕ್ರಮದಲ್ಲಿ ಹೇಳಲು ನಲವತ್ತು ನಿಮಿಷ ಕಾದು, ಲೈನ್ ಸಿಕ್ಕ ಕೂಡಲೇ "ನಾನು ಇದೇ ಮೊದಲ ಸಲ ಫೋನ್ ಮಾಡ್ತಿರೋದು" ಎಂದು ಶುರು ಮಾಡಿದರು. ಪ್ರತಿ ವಾರವೂ ಹಾಗೇ ಶುರು ಮಾಡುವುದು.

ಮರುವರ್ಷ ಮೊದಲ ಪಂದ್ಯ ಐರ್ಲೆಂಡಿನ ಡಬ್ಲಿನ್‌ನಲ್ಲಿ. ಕೆಂಪಣ್ಣನವರು ಜೀವಮಾನದಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿಕೊಂಡು ಗಂಡ ಹೆಂಡತಿ ಹೋದರು. ನಾರ್ತ್‌ವೆಸ್ಟರ್ನ್ ಮೇಲೆ 28-17ರಿಂದ ಮುಂದಿದ್ದಾಗ ಫ್ರಾಸ್ಟ್ ಚೆಂಡನ್ನು ದೂರ ಒದೆಸುವ ಬದಲು ಹತ್ತಿರಕ್ಕೇ ಒದೆಸಿ ತಾವೇ ಹಿಡಿಯಲು ನೋಡಿದ. ಸೋಲುತ್ತಿರುವವರು ಕೊನೆಗಳಿಗೆಯಲ್ಲಿ ಮಾಡುವ ಸಾಹಸ ಅದು. ಚೆಂಡು ಎದುರಾಳಿಯ ಕೈಗೆ ಹೋಯಿತು, ಪಂದ್ಯ 31-28ಕ್ಕೆ ಅವರದಾಯಿತು. ವಾಪಸು ಬಂದವರನ್ನು ವಿಮಾನ ನಿಲ್ದಾಣದಿಂದ ಕರೆತರುವಾಗ ಹೇಗಿತ್ತು ಪ್ರವಾಸ ಎಂದೆ. ಬಹಳ ಹೊತ್ತು ಕಿಟಕಿಯಾಚೆ ನೋಡಿದರು. "ದುಡ್ಡು ತಗೊಳ್ಳೋ ಯಂತ್ರ ಕೆಟ್ಟು ಬಿಯರ್ ಪುಕ್ಕಟೆ ಕೊಟ್ಟರು" ಎಂದರು.

ಎರಡು ವಾರಕ್ಕೆ ಜಾರ್ಜಿಯ ಸದರ್ನ್ ಎಂಬ, ಈ ಊರಿನವರು ಲೆಕ್ಕಕ್ಕೇ ಇಡದ ತಂಡದ ಎದುರು ಲಿಂಕನ್ನಿನಲ್ಲೇ 45-42ರ ಸೋಲು. ಮಾರನೆಯ ದಿನ ಮನೆಮಗನನ್ನು ಕಳಿಸಿದರು. ನನಗೆ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಕರಾರಿನ ಪ್ರಕಾರ ತೆಗೆದರೆ ಕೊಡಬೇಕಾದ ಹಣ ಸುಮಾರು ಒಂದೂವರೆ ಕೋಟಿ ಡಾಲರ್. ಅಕ್ಟೋಬರ್ 1ರವರೆಗೆ ತಡೆದಿದ್ದರೆ ಅದರ ಅರ್ಧ. ಬರೀ ಇಪ್ಪತ್ತು ದಿನ! ಆಷಾಢದ ರಿಯಾಯಿತಿಗೆ ಕಾದು ಸೀರೆ ಕೊಳ್ಳುವ ಸಂಸಾರದವನು ನಾನು. ಕೆಂಪಣ್ಣನವರು ಮಾತ್ರ, "ಇಪ್ಪತ್ತು ದಿನ ಅಂದರೆ ಇನ್ನೂ ಪಂದ್ಯ ಇವೆಯಲ್ಲೋ" ಎಂದರು.

2022ರ ನವೆಂಬರಿನಲ್ಲಿ ಮ್ಯಾಟ್ ರೂಲ್ ಬಂದರು. ಎಂಟು ವರ್ಷಕ್ಕೆ 7 ಕೋಟಿ 40 ಲಕ್ಷ ಡಾಲರಿನ ಕರಾರು. ಕೆಂಪಣ್ಣನವರು ಕಂಡ ಎಂಟನೇ ಕೋಚ್. "ಈ ಸಲ ನಾನು ಮೋಸ ಹೋಗಲ್ಲ, ಎದೆ ಗಟ್ಟಿ ಮಾಡ್ಕೊಂಡಿದ್ದೀನಿ" ಎಂದು ಟಿವಿ ಹಾಕಿದರು. ಹದಿನೈದನೇ ನಿಮಿಷಕ್ಕೆ ಪೆನ್ನು ಕೇಳಿದರು. ದಿನಸಿ ಅಂಗಡಿಯ ಬಿಲ್ಲಿನ ಹಿಂದೆ ಬರೆದದ್ದು ಇಷ್ಟು: ಟೆಂಪಲ್ ವಿಶ್ವವಿದ್ಯಾಲಯ, ಮೊದಲ ವರ್ಷ 2 ಗೆಲುವು, ಎರಡನೇ ವರ್ಷ 6, ಮೂರನೇ ವರ್ಷ 10. ಬೇಲರ್, 1, 7, 11. "ಕಾಣಿಸ್ತಾ? ಮೂರನೇ ವರ್ಷ ನೋಡ್ತಿರು." ನಡುವೆ ರೂಲ್ ಕ್ಯಾರೊಲೈನಾದ ವೃತ್ತಿಪರ ತಂಡಕ್ಕೆ ಹೋಗಿದ್ದರಲ್ಲ, ಅಲ್ಲಿ ಮೂರನೇ ವರ್ಷ ಏನಾಯಿತು ಎಂದು ಕೇಳಿದೆ. ಐದು ಪಂದ್ಯಕ್ಕೇ ಕೆಲಸ ಹೋಗಿತ್ತು. ಬಿಲ್ಲಿನ ಹಿಂದೆ ಜಾಗ ಇಲ್ಲ ಎಂದರು.

ಮೊದಲ ವರ್ಷ ಐದು ಗೆಲುವು, ಏಳು ಸೋಲು. ಅದರಲ್ಲಿ ಮೂರು ಸೋಲು 13-10ರವೇ, ಮೂರೂ ಕೊನೆಯ ಒದೆತಕ್ಕೆ. ಮೊದಲ ಪಂದ್ಯ ಮಿನೆಸೋಟದ ಎದುರು, ಕೊನೆಯದು ಅಯೋವದ ಎದುರು, ನಡುವೆ ಮೇರಿಲ್ಯಾಂಡ್. ಮೂರನೆಯ ಸಲ ಕೆಂಪಣ್ಣನವರು ಚೆಂಡು ಗಾಳಿಯಲ್ಲಿರುವಾಗಲೇ ಟಿವಿ ಆರಿಸಿ, ಚಪ್ಪಲಿ ಮೆಟ್ಟಿ, ಎಲೆ ಗುಡಿಸಲು ಹೊರಟರು. ಎರಡನೇ ವರ್ಷ, ಸಾಕಷ್ಟು ಗೆದ್ದ ತಂಡಗಳಿಗೆ ಕೊನೆಯಲ್ಲಿ ಸಿಗುವ ಡಿಸೆಂಬರಿನ ಬೋಲ್ ಪಂದ್ಯವೂ ಸೇರಿ, ಏಳು ಗೆಲುವು. ಅಂಥ ಪಂದ್ಯಕ್ಕೆ ತಂಡ ಹೋದದ್ದು ಎಂಟು ವರ್ಷದ ಮೇಲೆ. ಒಂಬತ್ತನ್ನು ಯಾರು ಬೇಕಾದರೂ ಗೆಲ್ಲುತ್ತಾರೆ ಎಂದಿದ್ದವರು ಏಳಕ್ಕೆ ಬೀದಿಗೆಲ್ಲ ಸಿಹಿ ರೋಲ್ ಹಂಚಿದರು.

2025ರ ಜೂನ್‌ನಲ್ಲಿ ಆರ್‌ಸಿಬಿ ಗೆದ್ದು ನಮ್ಮ ಕಪ್ ನಮಗೆ ಬಂತು. ಕೆಂಪಣ್ಣನವರು ಬಂದು ಕೈಕುಲುಕಿ, "ಎಷ್ಟನೇ ವರ್ಷ?" ಎಂದರು. ಹದಿನೆಂಟು ಎಂದೆ. ಮನಸ್ಸಿನಲ್ಲೇ ಏನೋ ಕೂಡಿಕೊಂಡು, ಪೆಚ್ಚಾಗಿ ಹೋದರು.

ಆ ವರ್ಷವೇ ಬಿಲ್ಲಿನ ಹಿಂದೆ ಬರೆದಿದ್ದ ಮೂರನೇ ವರ್ಷ. ಸಾಧಾರಣವಾಗಿ ನಡೆಯುತ್ತಿತ್ತು, ಅಕ್ಟೋಬರಿನಲ್ಲಿ ಕೆಂಪಣ್ಣನವರ ಗೊಣಗಾಟವೂ ಶುರುವಾಗಿತ್ತು. ಅಷ್ಟರಲ್ಲಿ ಪೆನ್ ಸ್ಟೇಟ್ ತನ್ನ ಕೋಚ್‌ನನ್ನು ತೆಗೆಯಿತು. ರೂಲ್ ಓದಿದ್ದು, ಆಡಿದ್ದು ಅಲ್ಲೇ. ಇವರನ್ನು ಅವರು ಕರೆಯುತ್ತಾರಂತೆ ಎಂಬ ಮಾತು ಹಬ್ಬಿತು. ನೆನ್ನೆಯವರೆಗೆ ಕೊಂಬು ಡೊಂಕು, ಹಾಲು ಸಾಲದು ಎನ್ನುತ್ತಿದ್ದ ಹಸುವನ್ನು ಪಕ್ಕದ ಊರಿನವರು ಕೇಳಲು ಬಂದರೆ ಹೇಗಾಗುತ್ತದೆ! ಕೆಂಪಣ್ಣನವರು ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ತಿಂಗಳ ಕೊನೆಗೆ ರೂಲ್ ಅವರ ಕರಾರು 2032ರವರೆಗೆ ಮುಂದುವರಿಯಿತು. ಕೆಂಪಣ್ಣನವರು ಬಾವುಟ ಏರಿಸಿದರು. ಆ ಶನಿವಾರವೇ ತಂಡ ಸೋತಿತು. ಭಾನುವಾರ ಬೆಳಿಗ್ಗೆ, ಇಷ್ಟು ದುಡ್ಡು ಸುರಿಯುವ ಅಗತ್ಯ ಏನಿತ್ತು ಎಂದು ನನ್ನನ್ನೇ ಗದರಿದರು.

ಹನ್ನೆರಡು ಪಂದ್ಯ ಮುಗಿದಾಗ ಏಳು ಗೆಲುವು, ಐದು ಸೋಲು. ಕೊನೆಯದು ಅಯೋವಕ್ಕೆ 40-16. ಸಂಜೆ ಹೆಂಡತಿ ಕೊಟ್ಟ ನಿಪ್ಪಟ್ಟಿನ ಡಬ್ಬಿ ಹಿಡಿದುಕೊಂಡು ಮಾತಾಡಿಸಲು ಹೋದೆ. ಅಡುಗೆಮನೆಯಲ್ಲಿ ಬಿಲ್ಲು ಮೇಜಿನ ಮೇಲಿತ್ತು, ಪಕ್ಕದಲ್ಲಿ ಪೆನ್ನು. "ಮೊದಲನೇ ವರ್ಷ ಇದ್ದದ್ದೆಲ್ಲ ಹಿಂದಿನವನ ಹುಡುಗರು. ಅದನ್ನ ಲೆಕ್ಕಕ್ಕೆ ತಗೋಬಾರದು. ಹಾಗೆ ನೋಡಿದರೆ ಇದು ಎರಡನೇ ವರ್ಷ" ಎಂದರು.

ಮುಂದಿನ ವರ್ಷದ ಸೀಸನ್ ಟಿಕೆಟ್ಟಿಗೆ ಚೆಕ್ಕು ಆಗಲೇ ಬರೆದಾಗಿತ್ತು. ಫ್ರಿಜ್ಜಿನ ಬಾಗಿಲಿಗೆ, 1997ರ ಪಂದ್ಯಗಳ ಪಟ್ಟಿ ಅಚ್ಚಾಗಿರುವ ಮ್ಯಾಗ್ನೆಟ್ ಒತ್ತಿ ಅಂಟಿಸಿದ್ದರು.