ಕರಿಬೇವಿನ ಪಾಲುದಾರರು

ಸರಳವಾಗಿ ಬದುಕಬೇಕು ಎಂದು ಹೇಳುವವರು ಮನೆಗೊಬ್ಬರು ಇದ್ದೇ ಇರುತ್ತಾರೆ. ಹಾಗೆ ಬದುಕಲು ಬೇಕಾದ ಕೆಲಸ ಮಾಡುವವರು ಮಾತ್ರ ಬೇರೆಯವರು. ನಮ್ಮಲ್ಲಿ ಹೇಳುವ ಖಾತೆ ಯಜಮಾನರದು. ಬೆಳಿಗ್ಗೆ ಎರಡನೆಯ ಲೋಟ ಕಾಫಿ ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತು, "ಮನುಷ್ಯನಿಗೆ ಇಷ್ಟು ಸಾಕು ನೋಡು" ಎನ್ನುತ್ತಾರೆ. ಆ 'ಇಷ್ಟು' ಎನ್ನುವುದರೊಳಗೆ ಒಂದು ನಾಯಿ, ಒಂದು ಬೆಕ್ಕು, ಅವರ ತಾಯಿ, ನಮ್ಮ ಮಗಳು, ಬಸಳೆ ಚಪ್ಪರ, ಕರಿಬೇವಿನ ಗಿಡ ಮತ್ತು ಲೋಟ ತೊಳೆಯುವ ನಾನು ಸೇರಿದ್ದೇವೆ.

ಶಿವಮೊಗ್ಗದ ಅಂಚಿನ ಬಡಾವಣೆಯಲ್ಲಿ ನಮ್ಮದು ಮೂವತ್ತು ನಲವತ್ತರ ಸೈಟು. ಮನೆ ಕಟ್ಟಿ ಮಿಕ್ಕ ಹಿತ್ತಿಲು 12 ಅಡಿಗೆ 20 ಅಡಿ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬಾಳಿ ಬಂದ ಅತ್ತೆ ಮೊದಲ ಸಲ ಬಂದಾಗ "ಹಿತ್ತಿಲು ಎಲ್ಲಿ?" ಎಂದು ಕೇಳಿದ್ದರು. ಹಿತ್ತಿಲ ನಟ್ಟನಡುವೆ ನಿಂತು ಕೇಳಿದ್ದರು. ಈಗ ಅದೇ ಜಾಗದಲ್ಲಿ ಬಸಳೆ, ದೊಡ್ಡಪತ್ರೆ, ಒಂದೆಲಗ, ಕೆಸು, ಒಂದು ನುಗ್ಗೆ ಎಲ್ಲವನ್ನೂ ಎಬ್ಬಿಸಿದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ಅವರ ಮುಂದೆ ನಡೆಯುವುದಿಲ್ಲ. ನೆಗಡಿಗೆ ದೊಡ್ಡಪತ್ರೆ, ಮರೆವಿಗೆ ಒಂದೆಲಗ. ಯಜಮಾನರು ಸಂಜೆ ಹಾಲು ತರುವುದನ್ನು ಮರೆತರೆ ಮರುದಿನ ಊಟಕ್ಕೆ ಒಂದೆಲಗದ ತಂಬುಳಿ. ವಾರದಲ್ಲಿ ಎಷ್ಟು ಸಲ ತಂಬುಳಿ ಮಾಡುತ್ತೇವೆ ಎಂದು ಹೊರಗಿನವರಿಗೆ ಹೇಳುವ ಹಾಗಿಲ್ಲ.

ತಂಬುಳಿಗೋ ಪಲ್ಯಕ್ಕೋ ಪೂಜೆಗೋ ಆಗದ ಗಿಡವನ್ನು ಅತ್ತೆ ಗಿಡವೆಂದು ಒಪ್ಪುವುದಿಲ್ಲ. ನಾನು ನರ್ಸರಿಯಿಂದ ಒಂದು ಆಂಥೂರಿಯಂ ತಂದಾಗ ಸುತ್ತ ತಿರುಗಿ ನೋಡಿ, "ಇದರಲ್ಲಿ ಎಂಥ ಮಾಡ್ತಾರೆ?" ಎಂದರು.

"ನೋಡ್ತಾರೆ."

"ನೋಡಿದ ಮೇಲೆ?"

ಅದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ಯಜಮಾನರು ಹಿತ್ತಿಲಿಗೆ ಇಳಿಯುವುದು ವಿರಳ. ಇಳಿದರೆ ಸಿದ್ಧಾಂತದ ಸಮೇತ ಇಳಿಯುತ್ತಾರೆ. ಒಮ್ಮೆ ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರರ ಜೀವಾಮೃತದ ಬಗ್ಗೆ ಓದಿಕೊಂಡು ಬಂದರು. ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಜೊತೆಗೆ ಗಂಜಲ, ಒಂದು ಹಿಡಿ ಮಣ್ಣು. ಬೇರೆ ಯಾರಾದರೂ ಆಗಿದ್ದರೆ ಒಂದು ಬಕೆಟ್ಟಿನಲ್ಲಿ ಕಣ್ಣಂದಾಜಿಗೆ ಕಲಸಿ ಮುಗಿಸುತ್ತಿದ್ದರು. ಇವರು ಜೀವನವಿಡೀ ಲೆಕ್ಕಪತ್ರ ನೋಡಿದವರು. ಎಕರೆಯ 43,560 ಚದರ ಅಡಿಯಿಂದ ನಮ್ಮ 240 ಚದರ ಅಡಿಯನ್ನು ಭಾಗಿಸಿ, ಹಾಳೆಯ ಮೇಲೆ ಗೆರೆ ಎಳೆದು ಪಟ್ಟಿ ಕೊಟ್ಟರು: ನೀರು ಒಂದು ಲೀಟರಿಗೆ ಕೊಂಚ ಜಾಸ್ತಿ, ಸಗಣಿ 55 ಗ್ರಾಂ, ಬೆಲ್ಲ 11 ಗ್ರಾಂ, ಹಿಟ್ಟು 11 ಗ್ರಾಂ. ಒಂದು ಹಿಡಿ ಮಣ್ಣನ್ನು ಭಾಗಿಸುವಾಗ ಮಾತ್ರ ಯಾರ ಹಿಡಿ ಎಂದು ಗೊತ್ತಾಗದೆ ಪೆನ್ನು ನಿಂತಿತು.

ಅತ್ತೆ ಪಟ್ಟಿಯನ್ನು ಕನ್ನಡಕ ಏರಿಸಿಕೊಂಡು ಓದಿದರು. "ಐವತ್ತೈದು ಗ್ರಾಂ ಸಗಣಿ ಹಾಕುವ ದನ ಯಾವ ಊರಿನದ್ದು ಮಾರಾಯ? ಬೆಲ್ಲ ತೂಗಲಿಕ್ಕೆ ಅಕ್ಕಸಾಲಿ ಹತ್ರ ಹೋಗು."

ಹೇಗೋ ಜೀವಾಮೃತ ಉಪ್ಪಿನಕಾಯಿ ಭರಣಿಯೊಂದರಲ್ಲಿ ಸಿದ್ಧವಾಯಿತು. ಇರುವೆಗಳಿಗೆ ಹನ್ನೊಂದು ಗ್ರಾಂ ಬೆಲ್ಲದ ಸುದ್ದಿ ಹೇಗೆ ಮುಟ್ಟಿತೋ, ಸಾಲುಗಟ್ಟಿದವು. ನಾಯಿ ಮೂಸಿತು. ಬೆಕ್ಕು ಮಾತ್ರ ತಿರುಗಿಯೂ ನೋಡಲಿಲ್ಲ. ಬೆಕ್ಕಿನ ನಾಲಿಗೆಗೆ ಸಿಹಿ ಎನ್ನುವುದು ತಿಳಿಯುವುದೇ ಇಲ್ಲವಂತೆ. ಸಿಹಿ ಹಿಡಿಯಲು ಬೇಕಾದ ಜೀನ್ ಅದರಲ್ಲಿ ಕೆಟ್ಟುಹೋಗಿದೆ ಎಂದು ವಿಜ್ಞಾನಿಗಳು 2005ರಲ್ಲಿ ಕಂಡುಹಿಡಿದರು. ಹಾಗಾಗಿ ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಒಂಟಿಯಾಗಿ ಬಿಡಬಹುದಾದ ಜೀವ ಅದೊಂದೇ. ಸಕ್ಕರೆ ಕಾಯಿಲೆ ಇರುವ ಯಜಮಾನರನ್ನೂ ಸೇರಿಸಿ ಹೇಳುತ್ತಿದ್ದೇನೆ.

ಸಿಹಿ ಬೇಡದ ಸುಬ್ಬಿಗೆ ಹುಳಿ ಆಗುತ್ತದೆ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕಿದರೆ ಚಿಗುರು ಚೆನ್ನಾಗಿ ಬರುತ್ತದೆ ಎನ್ನುವುದು ನಮ್ಮಲ್ಲಿ ಮನೆಮನೆಯ ನಂಬಿಕೆ. ಅತ್ತೆ ಪಾತ್ರೆ ತೊಳೆದ ಮಜ್ಜಿಗೆ ನೀರನ್ನು ಬುಡಕ್ಕೆ ಸುರಿದು ಬೆನ್ನು ತಿರುಗಿಸಿದರೆ ಸಾಕು, ಸುಬ್ಬಿ ಅಲ್ಲಿ ಹಾಜರು. ಒದ್ದೆ ಮಣ್ಣನ್ನೇ ನೆಕ್ಕುತ್ತದೆ. ಗಿಡಕ್ಕೆ ಎಷ್ಟು ಹೋಯಿತು, ಬೆಕ್ಕಿಗೆ ಎಷ್ಟು ಹೋಯಿತು ಎನ್ನುವ ಲೆಕ್ಕವನ್ನು ಯಜಮಾನರು ಇನ್ನೂ ಹಾಕಿಲ್ಲ.

ದೊರೆಯ ವಿಷಯ ಬೇಗ ಮುಗಿಸುತ್ತೇನೆ. ಅದನ್ನು ನೆನೆದರೆ ಬೆನ್ನು ನೋಯುತ್ತದೆ. ದೊರೆ ಎಂದರೆ ನಾಯಿ. ಬೀದಿಯಿಂದ ಬಂದು ಗೇಟಿನೊಳಗೆ ಮಲಗಿ, ತಾನಾಗಿ ನಮ್ಮನ್ನು ಸಾಕಿಕೊಂಡ ಪ್ರಾಣಿ. ಗೊಬ್ಬರಕ್ಕೆಂದು ಕಡಲೆ ಹಿಂಡಿ ಹೂತಿಟ್ಟ ಪಾತಿಯನ್ನೆಲ್ಲ ವಾಸನೆ ಹಿಡಿದು ಅಗೆಯುತ್ತದೆ. ಬೇಸಿಗೆಯಲ್ಲಿ ವಾಸನೆಯೂ ಬೇಕಿಲ್ಲ, ಒಳಗಿನ ತಂಪು ಮಣ್ಣಿಗಾಗಿ ಅಗೆದು ಅದರಲ್ಲೇ ಮಲಗುತ್ತದೆ. ಬದನೆ ಸಸಿ ನೆಡಲು ಗುಂಡಿ ಬೇಕಾದಾಗ ಇದೇ ದೊರೆಯನ್ನು ಎಳೆದು ತಂದು ನಿಲ್ಲಿಸಿದರೆ, ಆಕಾಶ ನೋಡುತ್ತಾ ಬಾಲ ಅಲ್ಲಾಡಿಸುತ್ತದೆ. ಸಂಬಳವಿಲ್ಲದ ಕೆಲಸವನ್ನು ಅದು ತನಗೆ ಬೇಕಾದ ಹೊತ್ತಿನಲ್ಲೇ ಮಾಡುತ್ತದೆ.

ಇಷ್ಟರವರೆಗೆ ಎಲ್ಲ ಸಹಿಸಬಹುದಿತ್ತು. ಕಳೆದ ಮಳೆಗಾಲದಲ್ಲಿ ಕರಿಬೇವಿನ ಮೇಲೆ ಮಗಳ ಕಣ್ಣು ಬಿತ್ತು.

ಆರನೇ ಕ್ಲಾಸಿನ ಹುಡುಗಿ. ಉಪ್ಪಿಟ್ಟಿನಿಂದ, ಅವಲಕ್ಕಿಯಿಂದ, ಸಾರಿನಿಂದ ಒಂದೊಂದೇ ಕರಿಬೇವಿನ ಎಲೆ ಹೆಕ್ಕಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸುವವಳು. ಆ ಎಲೆಗೆ ಬಾಯಿ ಬಿಡದವಳು ಒಂದು ಬೆಳಿಗ್ಗೆ ಗಿಡದ ಮುಂದೆ ಕೈ ಅಡ್ಡ ಹಿಡಿದು ನಿಂತಳು. "ಅಮ್ಮಾ, ಕೀಳಬೇಡ. ಮೇಲೆ ಪಾಪುಗಳಿದ್ದಾವೆ."

ಒಲೆಯ ಮೇಲೆ ಸಾಸಿವೆ ಸಿಡಿಯುತ್ತಿತ್ತು. ಒಗ್ಗರಣೆಗೆ ಸಾಸಿವೆ ಸಿಡಿಯುವುದಕ್ಕೂ ಕರಿಬೇವು ಬೀಳುವುದಕ್ಕೂ ನಡುವೆ ಇರುವ ಸಮಯ ಎಷ್ಟು ಎನ್ನುವುದು ಅಡುಗೆ ಮಾಡುವವರಿಗೆ ಗೊತ್ತು. ಅಷ್ಟರಲ್ಲಿ ನಾನು ಚಿಟ್ಟೆಯ ಜೀವನಚರಿತ್ರೆ ಕೇಳಬೇಕಾಯಿತು. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ್ದು. ಕಾಮನ್ ಮಾರ್ಮನ್ ಎನ್ನುವ ಕಪ್ಪು ಚಿಟ್ಟೆ ಈ ಕುಟುಂಬದ ಗಿಡಗಳನ್ನು ಹುಡುಕಿ, ಮುಂಗಾಲಿನಿಂದ ಎಲೆಯನ್ನು ತಟ್ಟಿ ರುಚಿ ನೋಡಿ, ಒಪ್ಪಿಗೆಯಾದರೆ ಮೊಟ್ಟೆ ಇಡುತ್ತದೆ. ಕಾಲಲ್ಲಿ ರುಚಿ ನೋಡುವ ಅಡುಗೆಯವರು ಇದ್ದಾರೆ ಎಂದು ನನಗೆ ಅಂದೇ ತಿಳಿದದ್ದು. ಹುಳು ಮೊದಲು ಥೇಟ್ ಹಕ್ಕಿ ಹಿಕ್ಕೆ. ಯಾರೂ ತಿನ್ನಬಾರದೆಂದು ಆ ವೇಷ. ಬೆಳೆದ ಮೇಲೆ ಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕೆಂಪು ಕವಲು ಕೊಂಬೊಂದನ್ನು ಹೊರಗೆ ಚಾಚಿ ನಾತ ಬಿಡುತ್ತದೆ.

ಅಂದಿನ ಚಿತ್ರಾನ್ನಕ್ಕೆ ಕರಿಬೇವು ಇರಲಿಲ್ಲ, ಸಾಸಿವೆ ಕಪ್ಪಾಗಿತ್ತು. ಮಗಳು ಪ್ರಶಂಸೆ ಮಾಡಿ ತಿಂದಳು.

ಮಾರನೆಯ ದಿನದಿಂದ ಗಿಡಕ್ಕೆ ಒಂದು ರಟ್ಟಿನ ಬೋರ್ಡು ಬಂತು. ಕೆಳಗಿನ ಕೊಂಬೆ ಅಡುಗೆಮನೆಗೆ, ಮೇಲಿನದು ಹುಳುಗಳಿಗೆ. ತೊಂದರೆ ಏನೆಂದರೆ, ಹುಳುಗಳಿಗೆ ಓದಲು ಬಾರದು. ಹಾಗೆಯೇ ಟುವ್ವಿ ಹಕ್ಕಿಗೂ ಬಾರದು. ಎಲೆ ಹೊಲಿದು ಗೂಡು ಕಟ್ಟುವ ಆ ಹಿಡಿಗಾತ್ರದ ಹಕ್ಕಿ ಬೆಳಿಗ್ಗೆ ಬಂದು ಹುಳುವೊಂದನ್ನು ಎತ್ತಿಕೊಂಡು ಹೋಯಿತು. ಮಗಳು ಯೂನಿಫಾರ್ಮಿನಲ್ಲಿ, ಬಿಸಿಲಿದ್ದರೂ ಕೊಡೆ ಬಿಡಿಸಿಕೊಂಡು ಗಿಡದ ಮೇಲೆ ಹಿಡಿದು ಕಾವಲು ನಿಂತಳು. ಸ್ಕೂಲ್ ವ್ಯಾನು ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಿತ್ತು.

"ಅದಕ್ಕೂ ಮಕ್ಕಳಿಲ್ವನೇ?" ಎಂದರು ಅತ್ತೆ, ಬಸಳೆ ಕುಡಿ ಮುರಿಯುತ್ತಾ.

ಮಗಳು ಹೌದಲ್ಲ ಎಂದು ಯೋಚಿಸಿದಳು. ಸಂಜೆ ಬೋರ್ಡಿಗೆ ಮೂರನೆಯ ಸಾಲು ಸೇರಿತು: ನಡುವಿನ ಕೊಂಬೆ ಹಕ್ಕಿಗೆ. ಮಾಗಿದ ಕಪ್ಪು ಹಣ್ಣುಗಳು ಪಿಕಳಾರಕ್ಕೆ ಮೊದಲಿನಿಂದಲೂ ಇದ್ದವು, ಅದು ರೂಢಿಯ ಹಕ್ಕು. ಬುಡದ ಮಜ್ಜಿಗೆ ಸುಬ್ಬಿಯದು, ನೆರಳು ದೊರೆಯದು. ನಮ್ಮ ಪಾಲಿನ ಕೆಳಗಿನ ಕೊಂಬೆಯಲ್ಲಿ ಬಲಿತ ನಾಲ್ಕು ಹಳದಿ ಎಲೆ ಉಳಿದವು. ಯಜಮಾನರು ಬೋರ್ಡು ಓದಿ, "ಇದೇ ನೋಡು ಹಂಚಿಕೊಂಡು ಬಾಳುವುದು" ಎಂದು ಮೂರನೆಯ ಲೋಟ ಕಾಫಿ ಕೇಳಿದರು.

ನಾನು ಸಂತೆಯಲ್ಲಿ ಕರಿಬೇವು ಕೊಳ್ಳಲು ಶುರು ಮಾಡಿದ್ದು ಆಗ. ಚೀಲದ ತಳದಲ್ಲಿ, ಆಲೂಗಡ್ಡೆಯ ಕೆಳಗೆ ಇಟ್ಟು ತರುತ್ತಿದ್ದೆ. ಹಿತ್ತಿಲಲ್ಲಿ ಆಳೆತ್ತರದ ಗಿಡ ಇಟ್ಟುಕೊಂಡು ಕರಿಬೇವು ಕೊಳ್ಳುವ ಸೊಸೆಯನ್ನು ತೀರ್ಥಹಳ್ಳಿಯ ಕಡೆಯವರು ಕ್ಷಮಿಸುವುದಿಲ್ಲ. ಅತ್ತೆಗೆ ಗೊತ್ತಾಗಿರಲಿಲ್ಲ ಎಂದು ಹೇಳಲಾರೆ. ಒಂದು ಸಲ ಸಾರು ಬಡಿಸಿಕೊಳ್ಳುತ್ತಾ, "ನಮ್ಮ ಗಿಡದ್ದಕ್ಕೆ ಇಷ್ಟು ಘಮ ಇರ್ಲಿಲ್ಲ ಅಲ್ದಾ?" ಎಂದು ಸುಮ್ಮನಾದರು.

ಉಳಿದ ಹುಳುಗಳಲ್ಲಿ ಒಂದು ಕೊನೆಗೂ ದಂಟಿಗೆ ಬಾಲದ ತುದಿ ಅಂಟಿಸಿ, ಸೊಂಟದ ಸುತ್ತ ರೇಷ್ಮೆ ಎಳೆ ಬಿಗಿದು, ಲೈನ್‌ಮನ್ ಕಂಬಕ್ಕೆ ಬೆಲ್ಟು ಕಟ್ಟಿ ಹಿಂದಕ್ಕೆ ಒರಗಿದ ಹಾಗೆ ಒರಗಿ ಕೋಶವಾಯಿತು. ಅಷ್ಟು ದಿನವೂ ನಮ್ಮ ಹಿತ್ತಿಲಲ್ಲಿ ಬಟ್ಟೆ ಒಣಗಿಸುವಂತಿರಲಿಲ್ಲ, ತಂತಿ ಅಲ್ಲಾಡುತ್ತದೆ. ಕುಕ್ಕರಿನ ಸೀಟಿಯ ಬಗ್ಗೆಯೂ ಆಕ್ಷೇಪ ಬಂದಿತ್ತು, ಅದನ್ನು ಅತ್ತೆಯೇ ತಳ್ಳಿಹಾಕಿದರು. ಚಿಟ್ಟೆ ಹೊರಬಂದಾಗ ಮಗಳು ಶಾಲೆಯಲ್ಲಿದ್ದಳು. ನೋಡಿದ್ದು ದೊರೆ ಮತ್ತು ನಾನು. ಹಿಂರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲಿದ್ದ ಕಪ್ಪು ಚಿಟ್ಟೆ ರೆಕ್ಕೆ ಒಣಗಿಸಿಕೊಂಡು, ಕಾಂಪೌಂಡು ದಾಟಿ ಪಕ್ಕದ ಮನೆಗೆ ಹೋಯಿತು. ದೊರೆ ಬೊಗಳಿತು. ಮಗಳಿಗೆ ಇದನ್ನು ಹೇಳಿ, ಅವಳ ಅಳು ನಿಲ್ಲಿಸಲು ಆ ರಾತ್ರಿ ಹಬ್ಬವಿಲ್ಲದೆ ಪಾಯಸ ಮಾಡಬೇಕಾಯಿತು. ಬೆಕ್ಕಿನ ಹೊರತು ಎಲ್ಲರೂ ಕುಡಿದರು.

ಮತ್ತೆ ಕೆಲವು ವಾರ ಕಳೆದ ಮೇಲೆ ಪಕ್ಕದ ಮನೆಯಾಕೆ ನಿಂಬೆ ಟೊಂಗೆಯೊಂದನ್ನು ಹಿಡಿದು ಬಾಗಿಲಿಗೆ ಬಂದರು. ಎಲೆಗಳನ್ನೆಲ್ಲ ನಡುದಂಟಿನವರೆಗೆ ನುಣ್ಣಗೆ ತಿಂದಾಗಿತ್ತು. ತುದಿಯಲ್ಲಿ ಒಂದು ಹಸಿರು ಹುಳು.

"ಇದು ನಿಮ್ಮ ಮನೇದೇನ್ರೀ?"

ಅತ್ತೆ ಕನ್ನಡಕ ಹಾಕಿಕೊಂಡು ಕಡ್ಡಿಯಿಂದ ಮೆತ್ತಗೆ ಮುಟ್ಟಿದರು. ಹುಳು ತಲೆ ಎತ್ತಿ ಕೆಂಪು ಕೊಂಬು ಚಾಚಿತು.

"ಹೌದು, ನಮ್ಮದೇ," ಎಂದರು. "ಸಿಟ್ಟು ನೋಡಿದ್ರೆ ಗೊತ್ತಾಗ್ತದಲ್ಲ."

ಆ ಸಿಟ್ಟು ಯಾರ ಕಡೆಯದು ಎಂದು ನಾನು ಕೇಳಲಿಲ್ಲ. ಯಜಮಾನರು ಪೇಪರು ಮುಖಕ್ಕೆ ಹತ್ತಿರ ಹಿಡಿದುಕೊಂಡರು. ಮಗಳು ಟೊಂಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಮೇಲಿನ ಕೊಂಬೆಯಲ್ಲಿ ಜಾಗ ಇದೆಯೇ ಎಂದು ನೋಡಲು ಹಿತ್ತಿಲಿಗೆ ಓಡಿದಳು. ಪಕ್ಕದ ಮನೆಯಾಕೆ ಕಾಫಿ ಕುಡಿದು, ಏಳುವಾಗ ನೆನಪಾಗಿ, "ಹೇಗೂ ನಿಮ್ಮ ಗಿಡ ಇದೆಯಲ್ಲ, ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು ಕೊಡ್ರೀ" ಎಂದರು.

ನಾನು ಒಳಗೆ ಹೋಗಿ ಫ್ರಿಜ್ಜು ತೆಗೆದೆ.