ಹಸಿರು ಶಾಯಿಯ ಗೌರವ ಸಂಪಾದಕರು

ದಿಲ್ಲಿಯ ಯಾವ ಕನ್ನಡ ಬಳಗಕ್ಕೆ ಹೋದರೂ ಅಲ್ಲೊಬ್ಬ ಗೌರವ ಸಂಪಾದಕರು ಇದ್ದೇ ಇರುತ್ತಾರೆ. ಅಧ್ಯಕ್ಷರು ಬದಲಾಗುತ್ತಾರೆ, ಖಜಾಂಚಿಗಳು ಬೇಸತ್ತು ಗುರುಗ್ರಾಮಕ್ಕೆ ಮನೆ ಬದಲಿಸುತ್ತಾರೆ, ಇವರು ಮಾತ್ರ ಅಲ್ಲಾಡುವುದಿಲ್ಲ. ನಮ್ಮ ಹವ್ಯಾಸಿ ನಾಟಕ ಬಳಗದ ಸಂಪಾದಕರು ಯಾವುದೋ ಸಚಿವಾಲಯದಿಂದ ಉಪಕಾರ್ಯದರ್ಶಿಯಾಗಿ ನಿವೃತ್ತರಾದವರು. ದ್ವಾರಕಾದ ಫ್ಲ್ಯಾಟಿನ ಊಟದ ಮೇಜೇ ಈಗ ಕಚೇರಿ. ಕೇಂದ್ರ ಸಚಿವಾಲಯದ ಕೈಪಿಡಿಯ ಪ್ರಕಾರ ಕಡತದಲ್ಲಿ ಹಸಿರು ಶಾಯಿ ಬಳಸುವ ಅಧಿಕಾರ ಜಂಟಿ ಕಾರ್ಯದರ್ಶಿ ಮತ್ತು ಮೇಲಿನವರಿಗೆ, ಅದೂ ಅಪರೂಪಕ್ಕೆ. ಆ ಮೆಟ್ಟಿಲು ಹತ್ತುವುದರೊಳಗೆ ಇವರಿಗೆ ಅರವತ್ತು ತುಂಬಿಬಿಟ್ಟಿತು. ನಮ್ಮ ಕರಡು ಪ್ರತಿಗಳೆಲ್ಲ ಹಚ್ಚಹಸಿರಾಗಿರುವುದಕ್ಕೆ ಇಷ್ಟೇ ಕಾರಣ.

ಒಮ್ಮೆ ಮಯೂರ್ ವಿಹಾರದ ಮೇಡಂ ಒಬ್ಬರ ಕವಿತೆಯ ಅಂಚಿನಲ್ಲಿ ‘ಮಾತನಾಡಿ’ ಎಂದು ಬರೆದು, ಸಹಿ ಹಾಕಿ, ತಾರೀಕು ನಮೂದಿಸಿ ವಾಪಸು ಕಳಿಸಿದರು. ಪಾಪ, ಆಕೆ ಹೆದರಿ ಮೆಟ್ರೋ ಹತ್ತಿ ಬಂದರು.

“ಏನ್ ಸರ್, ತಪ್ಪಾಯ್ತಾ?”

“ಛೆ ಛೆ, ಚೆನ್ನಾಗಿದೆಯಮ್ಮ. ನಾಲ್ಕನೇ ಸಾಲಿನಲ್ಲಿ ಅಮಾವಾಸ್ಯೆ ಅಂದಿದ್ದೀರಿ, ಒಂಬತ್ತನೇ ಸಾಲಿನಲ್ಲಿ ಚಂದ್ರ ಹಾಜರಾಗಿದ್ದಾನೆ. ಪರಿಶೀಲಿಸಿ ಮರುಮಂಡಿಸಿ.”

ಪತ್ರಿಕೆಯ ರಕ್ಷಾಪುಟದ ಮೇಲೆ ಹೆಸರಿಗಿಂತ ದಪ್ಪಕ್ಷರದಲ್ಲಿ ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದಿರುತ್ತದೆ. ನೋಂದಣಿ ಇಲ್ಲದ ಪತ್ರಿಕೆ ನೋಡಿ, ಕಾನೂನು ಕಾನೂನೇ. 1867ರ ಪ್ರೆಸ್ ಕಾಯಿದೆ ಹೋಗಿ 2023ರ ಹೊಸ ಕಾಯಿದೆ ಬಂದಾಗ ದೊಡ್ಡ ಪತ್ರಿಕೆಗಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮಲ್ಲಿ ಮಾತ್ರ ಹಳೆಯ ಕಾಯಿದೆಗೆ ಶ್ರದ್ಧಾಂಜಲಿಯ ಧಾಟಿಯಲ್ಲಿ ಎರಡು ಪುಟದ ಸಂಪಾದಕೀಯ ಬಂತು. “ದೆಹಲಿ ಕರ್ನಾಟಕ ಸಂಘದ ‘ಅಭಿಮತ’ ಇದೆಯಲ್ಲ ಸರ್, ಅಲ್ಲೇ ಎರಡು ಪುಟ ಕೇಳಿದರಾಯ್ತು” ಎಂದು ಹೊಸ ಸದಸ್ಯರೊಬ್ಬರು ಸಲಹೆ ಕೊಟ್ಟಿದ್ದರು. ಮುಂದಿನ ಸಂಚಿಕೆಯಲ್ಲಿ ಅವರ ಹೆಸರು ‘ಹಾಗೂ ಇತರರು’ ಎಂಬುದರೊಳಗೆ ಸೇರಿಹೋಯಿತು.

ಲೇಖನಗಳಿಗೇನೂ ಬರವಿಲ್ಲ, ವಿಷಯಗಳಿಗೆ ಬರ. ಹಿರಿಯ ಸದಸ್ಯರೆಲ್ಲ ಬರೆಯುವುದು ಎರಡೇ. ಒಂದು, ಬಿ.ವಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿದ್ದಾಗ, ಅಂದರೆ 1977ರಿಂದ 81ರ ನಡುವೆ, ಮಂಡಿ ಹೌಸ್ ಬಳಿ ಅವರೊಡನೆ ಕುಡಿದ ಚಹಾ. ಇನ್ನೊಂದು, ಅಲ್ಕಾಝಿಯವರು ಪುರಾನಾ ಕಿಲಾದಲ್ಲಿ ಆಡಿಸಿದ ಕಾರ್ನಾಡರ ‘ತುಘಲಕ್’ ಅನ್ನು ಮೊದಲ ಸಾಲಿನಲ್ಲಿ ಕೂತು ನೋಡಿದ್ದು. ನಮ್ಮ ಹಳೆಯ ಸಂಚಿಕೆಗಳನ್ನು ನಂಬುವುದಾದರೆ ಆ ಮೊದಲ ಸಾಲು ಇಂಡಿಯಾ ಗೇಟ್ ದಾಟಿ ಹೋಗಿರಬೇಕು. ಕಿರಿಯರ ಕಥೆಯೇ ಬೇರೆ. ಅವರು ಕನ್ನಡದಲ್ಲಿ ಸಂಭಾಷಣೆ ಒಪ್ಪಿಸುತ್ತಾರೆ, ದೇವನಾಗರಿಯಲ್ಲಿ ಬರೆದುಕೊಂಡು. ಲೇಖನ ಕೇಳಿದರೆ ವಾಟ್ಸಾಪಿನಲ್ಲಿ ಧ್ವನಿ ಮುದ್ರಿಸಿ ಕಳಿಸುತ್ತಾರೆ, ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ ಸಮೇತ. ಅದನ್ನು ಕೇಳಿ ಕೇಳಿ ಅಕ್ಷರಕ್ಕಿಳಿಸುವವರು ಸಂಪಾದಕರೇ. ಅವರು ಟೈಪಿಸುವುದು ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಓಬೀರಾಯನ ಕಾಲದ ಆವೃತ್ತಿಯಲ್ಲಿ. ಪುಟ ಕಟ್ಟುವ ಹುಡುಗ ನೋಯ್ಡಾದಲ್ಲಿ ಸಾಫ್ಟ್‌ವೇರಿನವನು. ಅವನ ಯೂನಿಕೋಡ್ ಲ್ಯಾಪ್‌ಟಾಪಿನಲ್ಲಿ ಆ ಕಡತ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪರಿವರ್ತಿಸಿದರೆ ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ. ಇವರಿಗೆ ಕೋಪ ಹುಡುಗನ ಮೇಲೆ, ಹುಡುಗನಿಗೆ ‘ನುಡಿ’ಯ ಮೇಲೆ.

ಮುದ್ರಣವೆಂದರೆ ಮನೆಯ ಇಂಕ್‌ಜೆಟ್ ಪ್ರಿಂಟರು. ದಿಲ್ಲಿಯ ಜೂನ್ ಸೆಕೆಗೆ ಅದರ ಹೆಡ್ಡು ಒಣಗುತ್ತದೆಂದು ವಾರಕ್ಕೊಂದು ಪುಟವಾದರೂ ಮುದ್ರಿಸಬೇಕಂತೆ, ಹಾಗಾಗಿ ಮನೆಯ ದಿನಸಿ ಚೀಟಿಯೂ ಬಣ್ಣದಲ್ಲೇ ಬರುತ್ತದೆ. ಪತ್ರಿಕೆಗೆ 28 ಪುಟ. ಎ4 ಹಾಳೆಯನ್ನು ಮಡಿಸಿದರೆ ನಾಲ್ಕು ಪುಟ, ಪ್ರತಿಯೊಂದಕ್ಕೆ ಏಳು ಹಾಳೆ. ಮಡಿಸುವ ಮುಂಚೆ ಹಾಳೆಯ ಒಂದೇ ಮಗ್ಗುಲಲ್ಲಿ ಬರುವ ಪುಟಸಂಖ್ಯೆಗಳ ಮೊತ್ತ ಯಾವಾಗಲೂ 29 ಆಗಬೇಕು: 1ರ ಪಕ್ಕ 28, 9ರ ಪಕ್ಕ 20. ಈ ಮಗ್ಗಿಯನ್ನು ಅವರು ಸಂಧ್ಯಾವಂದನೆಯಷ್ಟೇ ಶ್ರದ್ಧೆಯಿಂದ ಒಪ್ಪಿಸುತ್ತಾರೆ. ಆದರೆ ಹಾಳೆಯನ್ನು ಕೈಯಲ್ಲೇ ಮಗುಚಿ ಹಾಕಬೇಕಲ್ಲ, ಅಲ್ಲಿ ಎಡವಟ್ಟು. ಅಡುಗೆಮನೆಯಿಂದ ಕರೆ ಬರುತ್ತದೆ: “ರೀ, ಹಿಂದಿನ ಪುಟ ತಲೆಕೆಳಗಾಗಿದೆ ನೋಡಿ!” ಆಕೆಗೆ ನಾಟಕದಲ್ಲಿ ಆಸಕ್ತಿಯಿಲ್ಲ. ಆದರೆ ಮಡಿಕೆಯ ಮೇಲೆ ಲಟ್ಟಣಿಗೆ ಎಳೆದು ಗೆರೆ ಕೂರಿಸುವ ಕೈ ಆಕೆಯದೇ, ಅದು ತಪ್ಪಿದರೆ ಪಿನ್ನು ಸೊಟ್ಟಗೆ ಬೀಳುತ್ತದೆ.

ಚಾವ್ಡಿ ಬಜಾರಿನಿಂದ ತಂದ ಎರಡು ರಿಮ್ಮು ಕಾಗದಕ್ಕೆ 142 ಪ್ರತಿ, ಉಳಿಕೆ ಆರು ಹಾಳೆ. ಆ ಆರೂ ದಾಸ್ತಾನು ಪುಸ್ತಕದಲ್ಲಿ ಜಮೆ. ಕೆಟ್ಟ ಹಾಳೆಗಳ ಬದಲಿಗೆ ಬೇಕಾದ ಕಾಗದವನ್ನು ಸ್ವಂತ ದುಡ್ಡಿನಲ್ಲಿ ತರುತ್ತಾರೆ, ಅದಕ್ಕೆ ಮಾತ್ರ ಎಲ್ಲೂ ದಾಖಲೆಯಿಲ್ಲ.

ಬಿಡುಗಡೆ ನಾಟಕದ ದಿನವೇ, ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದ ಸಭಾಂಗಣದಲ್ಲಿ. ಮೆಟ್ರೋದಲ್ಲಿ ಬರುವವರು ‘ಸರ್ ವಿಶ್ವೇಶ್ವರಯ್ಯ ಮೋತಿ ಬಾಗ್’ ನಿಲ್ದಾಣದಲ್ಲೇ ಇಳಿಯಬೇಕೆಂದು ಆಮಂತ್ರಣದಲ್ಲಿ ಅಡಿಗೆರೆ ಹಾಕಿಸುತ್ತಾರೆ. 2018ರಲ್ಲಿ ತೆರೆದ ಆ ನಿಲ್ದಾಣಕ್ಕಿಂತ ಹತ್ತಿರದ ದಾರಿ ಇದ್ದವರಿಗೂ ವಿನಾಯಿತಿಯಿಲ್ಲ. ಬಾಗಿಲಲ್ಲಿ ಪ್ರತಿಗಳ ಕಟ್ಟು, ಪಕ್ಕದಲ್ಲಿ ರಿಜಿಸ್ಟರು: ಕ್ರಮಸಂಖ್ಯೆ, ಹೆಸರು, ಸಹಿ. ಜನ ಸಹಿ ಹಾಕಿ, ನೇರ ಪಾತ್ರವರ್ಗದ ಪುಟ ತೆಗೆದು, ತಮ್ಮ ಹೆಸರಿನ ಒತ್ತಕ್ಷರ ಕ್ಷೇಮವಾಗಿದೆಯೇ ನೋಡಿ, ಮಡಿಸಿ ಗಾಳಿ ಬೀಸಿಕೊಳ್ಳುತ್ತಾರೆ.

ಮೊನ್ನೆ ನೋಯ್ಡಾದ ಹುಡುಗ ಧೈರ್ಯ ಮಾಡಿದ. “ಸರ್, ಮುಂದಿನ ಸಲ ಪಿಡಿಎಫ್ ಮಾಡಿ ಗ್ರೂಪಿಗೆ ಹಾಕಿಬಿಡೋಣವಾ?”

“ಹಾಕಪ್ಪಾ, ಯಾರು ಬೇಡ ಅಂದ್ರು? ಆದ್ರೆ ರಿಜಿಸ್ಟರಿಗೆ ಸಹಿ ಯಾರು ಹಾಕ್ತಾರೆ?”

ಹುಡುಗ ಸೋತು, ಪತ್ರಿಕೆ ತಲುಪಿದೆ ಎಂದು ಸದಸ್ಯರು ಒತ್ತಿ ತಿಳಿಸುವಂತೆ ಗೂಗಲ್ ಫಾರ್ಮ್ ಮಾಡಿಕೊಟ್ಟ. ಸಂಪಾದಕರಿಗೆ ಬಹಳ ಖುಷಿಯಾಯಿತು. ಬಂದ ಉತ್ತರಗಳನ್ನೆಲ್ಲ ಪ್ರಿಂಟ್ ತೆಗೆದು, ಹಸಿರು ಶಾಯಿಯಲ್ಲಿ ‘ನೋಡಿದೆ’ ಎಂದು ಬರೆದು ಕಡತಕ್ಕೆ ಸೇರಿಸಿದ್ದಾರೆ. ದಾಸ್ತಾನಿನಲ್ಲಿದ್ದ ಆರು ಹಾಳೆ ಅದಕ್ಕೆ ಸರಿಹೋದವಂತೆ.