ಭಾವನ ಬೆಲ್ಟು

ನ್ಯೂಜೆರ್ಸಿಯಲ್ಲಿ ಸ್ವಂತ ಮನೆ ಕೊಂಡ ಕನ್ನಡಿಗರಲ್ಲಿ ಎರಡು ಜಾತಿ. ಡ್ರೈವ್‌ವೇಯಲ್ಲಿ ಕಾರು ನಿಲ್ಲಿಸುವವರದು ಒಂದು, ಕಾರು ಬಿಚ್ಚುವವರದು ಇನ್ನೊಂದು. ಮೊದಲನೆಯವರು ಶನಿವಾರ ಓಕ್ ಟ್ರೀ ರೋಡಿಗೆ ಹೋಗಿ ದೋಸೆ ತಿಂದು, ಕರಿಬೇವು ಕೊಂಡು, ಮನೆಗೆ ಬಂದು ಮಲಗುತ್ತಾರೆ. ಎರಡನೆಯವರೂ ಮಲಗುತ್ತಾರೆ, ಆದರೆ ಕಾರಿನ ಕೆಳಗೆ. ನಮ್ಮ ಭಾವ ಎರಡನೇ ಪಂಗಡದ ಪೀಠಾಧಿಪತಿ.

ಕ್ವೀನ್ಸ್‌ನಲ್ಲಿ ಬಾಡಿಗೆಗಿದ್ದಷ್ಟು ಕಾಲ ಈ ಗುಣ ಹೊರಗೆ ಬಿದ್ದಿರಲಿಲ್ಲ. ನ್ಯೂಯಾರ್ಕ್ ನಗರದ ಬೀದಿಯಲ್ಲಿ ತುರ್ತಿನ ಸಣ್ಣಪುಟ್ಟದ್ದು ಬಿಟ್ಟರೆ ಕಾರು ರಿಪೇರಿ ಮಾಡುವಂತಿಲ್ಲ. ಕಸ ಗುಡಿಸುವ ದಿನ ಗಾಡಿಯನ್ನು ರಸ್ತೆಯ ಈ ಮಗ್ಗುಲಿಂದ ಆ ಮಗ್ಗುಲಿಗೆ ಸಾಗಿಸುವುದರಲ್ಲೇ ಭಾವನ ಯಂತ್ರಪ್ರೇಮವೆಲ್ಲ ಖರ್ಚಾಗಿಹೋಗುತ್ತಿತ್ತು. ನ್ಯೂಜೆರ್ಸಿಯ ಎಡಿಸನ್‌ಗೆ ಬಂದದ್ದೇ ತಡ, ರೆಕ್ಕೆ ಮೂಡಿತು. ಸ್ಥಳಮಹಿಮೆಯೂ ಇರಬಹುದು ಅನ್ನಿ. ಥಾಮಸ್ ಎಡಿಸನ್ 1876ರಲ್ಲಿ ಮೆನ್ಲೊ ಪಾರ್ಕಿನಲ್ಲಿ ಪ್ರಯೋಗಾಲಯ ಹೂಡಿದ್ದು ಇಲ್ಲೇ. 1954ರಲ್ಲಿ ಊರೇ ಅವನ ಹೆಸರಿಟ್ಟುಕೊಂಡಿತು. ರೂಟ್ 1ರ ಮೇಲೆ 1948ರಿಂದ 2004ರವರೆಗೆ ಫೋರ್ಡ್ ಕಂಪನಿಯ ಕಾರ್ಖಾನೆ ಇತ್ತು. 1970ರ ದಶಕದಲ್ಲಿ ಟೈಮಿಂಗ್ ಬೆಲ್ಟಿನ ಎಂಜಿನ್ ಹೊತ್ತ ಪಿಂಟೊ ಕಾರುಗಳು ಅಲ್ಲಿಂದ ಹೊರಬೀಳುತ್ತಿದ್ದವು. ಈಗ ಆ ಜಾಗದಲ್ಲಿ ಅಂಗಡಿಗಳಿವೆ. ಕಾರ್ಖಾನೆ ಮುಚ್ಚಿದ ಮೇಲೆ ಊರಿನ ಮೋಟಾರು ಪರಂಪರೆಯನ್ನು ಮುಂದುವರಿಸುವ ಹೊಣೆ ತಮ್ಮ ಹೆಗಲಿಗೇ ಬಿತ್ತು ಎಂದು ಭಾವ ತಿಳಿದಂತಿದೆ.

ಗಾಡಿ ಹಳೆಯ ಹೋಂಡಾ ಒಡಿಸ್ಸಿ. ಅತ್ತೆ ಮಾವ ಊರಿಂದ ಬಂದರೆ ನಯಾಗರಾಕ್ಕೂ ಅದೇ, ಬ್ರಿಡ್ಜ್‌ವಾಟರಿನ ವೆಂಕಟೇಶ್ವರನ ಗುಡಿಗೂ ಅದೇ. ಟೈಮಿಂಗ್ ಬೆಲ್ಟನ್ನು 1,05,000 ಮೈಲಿಗೆ ಅಥವಾ 7 ವರ್ಷಕ್ಕೆ, ಯಾವುದು ಮೊದಲು ಬರುತ್ತದೋ ಆಗ ಬದಲಿಸಿ ಎಂದು ಗಾಡಿಯ ಪುಸ್ತಕದಲ್ಲಿದೆ. 43 ಡಿಗ್ರಿ ಮೀರಿದ ಬಿಸಿಲಲ್ಲೋ ಮೈನಸ್ 29ಕ್ಕಿಂತ ಕೆಳಗಿನ ಚಳಿಯಲ್ಲೋ ಸದಾ ಓಡಿಸುವವರಿಗೆ 60,000ಕ್ಕೇ. “ನಾವೇನು ರಾಯಚೂರಲ್ಲಿ ಓಡಿಸ್ತಿದೀವೇನೋ?” ಎಂದು ಭಾವ ಆ ಎರಡನೇ ಸಾಲನ್ನು ತಳ್ಳಿಹಾಕಿದರು. ಮೊದಲನೆಯದನ್ನು ತಳ್ಳಲಾಗಲಿಲ್ಲ, ಮೈಲಿ ಮುಗಿದಿತ್ತು.

ಬೆಲ್ಟಿನ ಸಂಗತಿ ಇಷ್ಟು. ಎಂಜಿನ್ನಿನ ಕೆಳಗೆ ಪಿಸ್ಟನ್ನಿಗೆ ಸೇರಿದ ಕ್ರ್ಯಾಂಕು, ಮೇಲೆ ವಾಲ್ವು ತೆರೆಯುವ ಕ್ಯಾಮು. ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಕ್ಯಾಮು ಒಂದು ಸುತ್ತು ಸುತ್ತಬೇಕು. ಆ ಲೆಕ್ಕ ತಪ್ಪದಂತೆ ಎರಡನ್ನೂ ಕಟ್ಟಿಹಾಕಿರುವುದು ಹಲ್ಲಿರುವ ಒಂದು ರಬ್ಬರ್ ಪಟ್ಟಿ. ಅದು ಹರಿದರೆ ವಾಲ್ವುಗಳು ನಿಂತಲ್ಲೇ ನಿಲ್ಲುತ್ತವೆ, ಪಿಸ್ಟನ್ನು ಬಂದು ಗುದ್ದುತ್ತದೆ, ವಾಲ್ವು ಸೊಟ್ಟಗಾಗುತ್ತದೆ. ಎಲ್ಲ ಗಾಡಿಗೂ ಈ ಗತಿ ಇಲ್ಲ. 1990ರ ದಶಕದ ಕೊನೆಯ ನಾಲ್ಕು ಸಿಲಿಂಡರ್ ಟೊಯೋಟಾ ಕ್ಯಾಮ್ರಿಯಲ್ಲಿ ಬೆಲ್ಟು ಹರಿದರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ಅಷ್ಟೇ, ವಾಲ್ವು ಬಚಾವ್. ಒಡಿಸ್ಸಿಯ ವಿ6ಗೆ ಆ ಪುಣ್ಯವಿಲ್ಲ. ಈ ಪಟ್ಟಿ ಹರಿಯುವ ಮೊದಲು ಕಿರುಗುಟ್ಟುವುದೂ ಅಪರೂಪ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಸುವುದೂ ಇಲ್ಲ. ಟರ್ನ್‌ಪೈಕಿನ ನಡುವೆ ಸುಮ್ಮನೆ ಕೈಕೊಡುತ್ತದೆ.

ಈ ಹಲ್ಲುಪಟ್ಟಿ 1940ರ ದಶಕದಲ್ಲಿ ಹುಟ್ಟಿದ್ದು ಹೊಲಿಗೆಯಂತ್ರಕ್ಕಾಗಿ, ಸೂಜಿಗೂ ಬಾಬಿನ್ನಿಗೂ ಮೇಳ ಹೊಂದಿಸಲು. ಮಾರಾಟದ ಕಾರಿಗೆ ಬಂದದ್ದು 1960ರ ದಶಕದ ಮೊದಲಲ್ಲಿ, ಜರ್ಮನಿಯ ಗ್ಲಾಸ್ ಕಂಪನಿಯ ಒಂದು ಪುಟ್ಟ ಗಾಡಿಯ ಮೂಲಕ. ಭಾವ ಊಟದ ಹೊತ್ತಿಗೆ ಇದನ್ನೆಲ್ಲ ವಿವರಿಸಿದರು. ಅಕ್ಕ ಸಾರು ಬಡಿಸುತ್ತ, “ಹೊಲಿಗೆ ಮಿಷಿನ್ನಿಂದು ತಾನೆ? ಹಾಗಾದ್ರೆ ಬಿಡಿ, ನಾನೇ ಹಾಕ್ತೀನಿ” ಅಂದಳು.

ಗ್ಯಾರೇಜಿನವರು ಕೇಳಿದ್ದು ಸಾವಿರ ಡಾಲರಿನ ಮೇಲೆ. ಬೆಲ್ಟು, ವಾಟರ್ ಪಂಪು, ಟೆನ್ಷನರು, ಐಡ್ಲರು ಎಲ್ಲ ಸೇರಿದ ಕಿಟ್ಟು ಅದರ ಕಾಲುಭಾಗಕ್ಕೇ ಸಿಗುತ್ತದೆ. ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಅಷ್ಟು ಬಿಚ್ಚಿದ ಮೇಲೆ ಹಳೇ ಪಂಪನ್ನು ಅಲ್ಲೇ ಬಿಡುವುದು ದಡ್ಡತನ. ಉಳಿತಾಯದ ಎಕ್ಸೆಲ್ ಶೀಟು ತಯಾರಾಯಿತು. ಅದರಲ್ಲಿ ಟಾರ್ಕ್ ರೆಂಚಿಗೆ ಸಾಲಿರಲಿಲ್ಲ. ಜ್ಯಾಕ್ ಸ್ಟ್ಯಾಂಡಿಗೆ ಇರಲಿಲ್ಲ. ಮೊಳಕೈಯಿಂದ ಬೆರಳತುದಿಯವರೆಗೆ ಬರುವ ಬ್ರೇಕರ್ ಬಾರಿಗೂ ಇರಲಿಲ್ಲ. “ಆಟೋಜೋನ್‌ನಲ್ಲಿ ಠೇವಣಿ ಇಟ್ರೆ ಟೂಲ್ಸ್ ಎರವಲು ಕೊಡ್ತಾರಲ್ಲ ಭಾವ, ವಾಪಸ್ ಕೊಟ್ಟಾಗ ದುಡ್ಡೂ ವಾಪಸ್” ಅಂದೆ. ಭಾವ ನನ್ನನ್ನು ಕನಿಕರದಿಂದ ನೋಡಿದರು. “ಎರವಲು ರೆಂಚಿಗೆ ಆಯುಧಪೂಜೆ ಮಾಡಕ್ಕಾಗತ್ತೇನೋ?”

ದುಡ್ಡು ಉಳಿಸಲು ಹೊರಟವರ ಮಾತಲ್ಲ ಇದು. ವಾರದ ಐದು ದಿನ ಮೆಟ್ರೋಪಾರ್ಕಿನಿಂದ ಪೆನ್ ಸ್ಟೇಷನ್ನಿಗೆ ರೈಲು ಹತ್ತಿ, ಕಣ್ಣಿಗೆ ಕಾಣದ ಸರ್ವರುಗಳಲ್ಲಿ ಕೈಗೆ ಸಿಗದ ತಪ್ಪುಗಳನ್ನು ಹುಡುಕುವ ಮನುಷ್ಯನಿಗೆ ಶನಿವಾರವಾದರೂ ಕೈಗೆ ಮಸಿ ಮೆತ್ತುವ ತಪ್ಪೊಂದು ಬೇಕಾಗಿತ್ತು. ಎಕ್ಸೆಲ್ ಶೀಟು ಅಕ್ಕನಿಗೆ ಹಾಕಿದ ಮುಸುಕು. ಅಕ್ಕನಿಗೆ ಇದು ಗೊತ್ತಿಲ್ಲವೆಂದು ಭಾವ ಇವತ್ತಿಗೂ ನಂಬಿದ್ದಾರೆ.

ಬಲಗಡೆ ಮುಂದಿನ ಚಕ್ರ ಕಳಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಕೈ ಹಾಕಿದಾಗ ಕಥೆ ನಿಂತಿತು. ಹೋಂಡಾದ ಆ ಬೋಲ್ಟು ಜಗಮೊಂಡ ಎಂದು ಬಿಚ್ಚಿದವರೆಲ್ಲ ಹೇಳುತ್ತಾರೆ. ಸುದ್ದಿ ಹಬ್ಬಿ ಬೃಂದಾವನ ಕನ್ನಡ ಕೂಟದ ಗೆಳೆಯರು ಒಬ್ಬೊಬ್ಬರಾಗಿ ಬಂದರು. ಕಾಫಿ ಬಂತು, ಕೋಡುಬಳೆ ಬಂತು, ಸಲಹೆ ಬಂತು. ಮೈಸೂರಿನವರು ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಡೋಣ ಅಂದರು. ಬೆಂಗಳೂರಿನವರು ಫೋನಿನಲ್ಲಿ ವಿಡಿಯೋ ಹುಡುಕಿ, ಅದರಲ್ಲಿರುವುದು ಬೇರೆ ಕಾರು ಎಂದು ಕೊನೆಯಲ್ಲಿ ಕಂಡುಕೊಂಡರು. ಹುಬ್ಬಳ್ಳಿಯವರು ಕೋಡುಬಳೆ ಮುಗಿಸಿ, “ಏನ್ ವಿಚಾರ ಮಾಡ್ತೀರಿ? ಒಂದ್ ಪೈಪ್ ತುರುಕಿ ಜಗ್ಗ್ರಿ!” ಎಂದರು. ಬಾರಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಮೂವರು ಜಗ್ಗಿದಾಗ ಠಣ್ ಅಂತ ಒಂದು ಸದ್ದು. ಮುರಿದದ್ದು ಯಾವುದು ಎಂದು ಎಲ್ಲರೂ ತಂತಮ್ಮ ಕೈ ನೋಡಿಕೊಂಡರು. ಬೋಲ್ಟು ಸಡಿಲವಾಗಿತ್ತು.

ನನಗೆ ವಹಿಸಿದ್ದು ಟಾರ್ಚ್ ಹಿಡಿಯುವ ಕೆಲಸ. ಸುಲಭ ಅಂದುಕೊಳ್ಳಬೇಡಿ. ಬೆಳಕು ಎಲ್ಲಿದ್ದರೂ ಭಾವ ನೋಡುತ್ತಿರುವುದು ಅದರ ಪಕ್ಕದಲ್ಲೇ ಇರುತ್ತದೆ. ಬೋಲ್ಟು ಕೈಜಾರಿದರೆ ಟಾರ್ಚಿನವನ ತಪ್ಪು, ಕೂಲೆಂಟು ಅಂಗಿಗೆ ಚೆಲ್ಲಿದರೂ ಟಾರ್ಚಿನವನದೇ.

ಎಂಜಿನ್ನಿಗೆ ಕೆಳಗಿಂದ ಹಲಗೆಯಿಟ್ಟು ಜ್ಯಾಕ್ ಕೊಟ್ಟು, ಮೌಂಟ್ ಕಳಚಿ, ಗುರುತಿಗೆ ಗುರುತು ಕೂಡಿಸಿ ಹಳೆ ಬೆಲ್ಟು ಎಳೆದರು. ವಾಲ್ವ್ ಸ್ಪ್ರಿಂಗುಗಳ ಒತ್ತಡಕ್ಕೆ ಒಂದು ಕ್ಯಾಮ್ ಚಕ್ರ ಟಕ್ಕೆಂದು ಸರಿದುಬಿಟ್ಟಿತು. ಆಗುವಂಥದ್ದೇ ಅದು, ಮೆಲ್ಲಗೆ ವಾಪಸ್ ತಿರುಗಿಸಿ ಗುರುತಿಗೆ ತಂದರಾಯಿತು. ಆದರೆ ಶುಕ್ರವಾರ ಸಂಜೆ ಕಣ್ಣು ಮಿಟುಕಿಸದೆ ಪ್ರೊಡಕ್ಷನ್ನಿಗೆ ಕೋಡು ತಳ್ಳುವ ನಮ್ಮ ಭಾವ ಆ ಟಕ್ ಸದ್ದಿಗೆ ಪುತ್ತಿಗೆ ಮಠದ ಕೃಷ್ಣ ವೃಂದಾವನದ ದಿಕ್ಕಿಗೆ ತಿರುಗಿ ಕೈಮುಗಿದದ್ದನ್ನು ಟಾರ್ಚಿನ ಬೆಳಕಲ್ಲಿ ನಾನೊಬ್ಬನೇ ಕಂಡೆ.

ಹೊಸ ಬೆಲ್ಟು ಏರಿತು. ಟೆನ್ಷನರಿನ ಪಿನ್ನು ಎಳೆದದ್ದಾಯಿತು. ಎಂಜಿನ್ನನ್ನು ಕೈಯಲ್ಲೇ ಐದಾರು ಸುತ್ತು ತಿರುಗಿಸಿ ಗುರುತು ನೋಡಬೇಕು. ಭಾವ ನೋಡಿದರು, ಮತ್ತೆ ತಿರುಗಿಸಿ ನೋಡಿದರು, ನನಗೆ ತೋರಿಸಿದರು, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರು. ಕೊನೆಗೆ ಅಕ್ಕ ಬಂದು ಕೀಲಿ ತಿರುಗಿಸಿದಳು. ಗಾಡಿ ಏನೂ ಆಗದವರ ಹಾಗೆ ಹೊರಟಿತು.

ಉಗುರಿನ ಸಂದಿಯ ಮಸಿ ತೊಳೆಯದೆ, ಆ ಗೆಲುವಿನ ಹುರುಪಿನಲ್ಲೇ ಭಾವ ನಮ್ಮನ್ನೆಲ್ಲ ಹತ್ತಿಸಿಕೊಂಡು ಪೆಟ್ರೋಲ್ ಬಂಕಿಗೆ ಹೋದರು. ಇಳಿದವರೇ ಸೀದಾ ಪಂಪಿನ ನಳಿಗೆಗೆ ಕೈ ಚಾಚಿದರು. ಒಳಗಿದ್ದ ಹುಡುಗ ಓಡಿಬಂದ. ಗಿರಾಕಿ ತಾನೇ ಪೆಟ್ರೋಲ್ ಹಾಕಿಕೊಳ್ಳುವುದು ಅಪಾಯ ಎಂದು ನ್ಯೂಜೆರ್ಸಿ 1949ರಲ್ಲೇ ಕಾನೂನು ಮಾಡಿದೆ. ಇಂಥದೇ ನಿಯಮವಿದ್ದ ಒರೆಗಾನ್ 2023ರಲ್ಲಿ ಕೈಬಿಟ್ಟ ಮೇಲೆ ಇಡೀ ದೇಶದಲ್ಲಿ ಈ ಮಡಿ ಉಳಿದಿರುವುದು ಈ ಒಂದು ರಾಜ್ಯದಲ್ಲಿ. “ಅಂಕಲ್, ಗಾಡಿಯಲ್ಲಿ ಕೂತಿರಿ, ನೀವಿದನ್ನೆಲ್ಲ ಮುಟ್ಟಬಾರದು” ಎಂದು ಹುಡುಗ ಹಿಂದಿಯಲ್ಲಿ ಹೇಳಿ ನಳಿಗೆ ಕಿತ್ತುಕೊಂಡ. ಭಾವ ಬಾಗಿಲು ತೆಗೆದು ಕೂತರು.

“ಬೆಲ್ಟ್ ಹಾಕ್ಕೊಳ್ರೀ” ಅಂದಳು ಅಕ್ಕ.